ಅರಮನೆ ಬೋರ್ಡಿನ ಹುಂಜ

ಮದುವೆ ಛತ್ರವೊಂದರ ವೆಬ್‌ಸೈಟಿನ ಕೋಡಿನೊಳಗೆ ಒಂದು ಹುಂಜವಿತ್ತು. ಖಾಲಿ ಇರುವ ದಿನಗಳನ್ನು ಕೂಗಿ ಹೇಳುವುದು ಅದರ ಕೆಲಸ. ಕೋಡ್ ಬರೆಯುವ ವಾರಿಜಾ ಅದನ್ನು ‘ಅರಮನೆ’ ಎಂಬ ಫೋಲ್ಡರಿನಿಂದ ‘ಉಗ್ರಾಣ’ ಎಂಬ ಫೋಲ್ಡರಿಗೆ ಸಾಗಿಸಿದಳು. ಕೊರಳಲ್ಲಿದ್ದ ವಿಳಾಸದ ಬೋರ್ಡು ಬದಲಿಸಲು ಮರೆತಳು. ಹುಂಜವೂ ನೆನಪಿಸಲಿಲ್ಲ.

ಮರುದಿನ ಹೆಣ್ಣಿನ ತಂದೆಯೊಬ್ಬರು ವೆಬ್‌ಸೈಟಿನಲ್ಲಿ ದಿನ ಕೇಳಿದರು. ಹುಂಜವನ್ನು ಕರೆತರಲು, ಕೇಳಿದ ಕೋಡನ್ನು ವಿಳಾಸ ನೋಡಿ ಹೊತ್ತು ತರುವ ಲೋಡರ್ ಕತ್ತೆ ಓಡಿ ಬಂತು.

“ಉಗ್ರಾಣದ ಹುಂಜ ತಾವೇ ತಾನೇ?”

“ಏ ಕತ್ತೆ, ನಾವು ಅರಮನೆಯವರು. ಬೋರ್ಡು ಓದು.”

“ಆದರೆ ಇಲ್ಲಿರುವುದು ತಾವೊಬ್ಬರೇ!”

“ಓದು ಅಂದೆ.”

ಕತ್ತೆ ಓದಿತು. ವಾಪಸು ಓಡಿ, ಪರದೆಯ ತುಂಬ ಕೆಂಪಕ್ಷರದಲ್ಲಿ ಅರಚಿತು: “ಉಗ್ರಾಣದಲ್ಲಿ ಹುಂಜವೇ ಇಲ್ಲ!”

ಹೆಣ್ಣಿನ ತಂದೆ ಬೇರೆ ಛತ್ರ ಹುಡುಕಿಕೊಂಡು ಹೋದರು. ವಾರಿಜಾ ಕೆಂಪಕ್ಷರ ನೋಡಿ ನಿಟ್ಟುಸಿರಿಟ್ಟಳು.

“ಇಲ್ಲವಂತೆ. ಹಾಳಾಗಲಿ, ಫೋಲ್ಡರು ಅಳಿಸಿ ಹೊಸ ಹುಂಜ ಬರೆಯುತ್ತೇನೆ.”

ಅವಳ ಬೆರಳು ಡಿಲೀಟಿನತ್ತ ಹೊರಟಿತು. ಹುಂಜ ಗಡಬಡಿಸಿ ಬೋರ್ಡು ತಿರುವಿ, ಅದರ ಬೆನ್ನಿಗೆ ‘ಉಗ್ರಾಣ’ ಎಂದು ಕೊಕ್ಕಿನಿಂದ ತಾನೇ ಗೀಚಿಕೊಂಡಿತು. ಆಮೇಲೆ ರೆಕ್ಕೆ ಬಡಿಯುತ್ತ ಓಡಿ ಕತ್ತೆಯ ಬಾಲ ಹಿಡಿಯಿತು.

“ಉಗ್ರಾಣದ ಹುಂಜ ಹಾಜರಿದ್ದೇನೆ, ಕತ್ತೆಸ್ವಾಮಿಗಳೇ! ದಯವಿಟ್ಟು ಇನ್ನೊಂದು ಸಲ ಅರಚಿ!”