ಹೆಪ್ಪಜ್ಜ ಜೋಡಿಸಿದ ಕಲ್ಲುಗಳು

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಭೂಮಿಯ ಉತ್ತರ ತುದಿಯ ಕಣಿವೆಗಳಲ್ಲಿ ಹುಡುಕಿದರೂ ಒಂದು ಕಲ್ಲು ಸಿಗುತ್ತಿರಲಿಲ್ಲ. ಕಲ್ಲುಗಳೆಲ್ಲ ನೆಲದೊಳಗೆ ಮಲಗಿದ್ದವು. ಆ ನೆಲ ಹೆಪ್ಪುಗಟ್ಟಿತ್ತು. ಬೇಸಿಗೆಯಲ್ಲಿ ಮೇಲೆ ಒಂದಿಷ್ಟು ಕರಗುತ್ತಿತ್ತು, ಒಳಗೆ ಎಂದೂ ಕರಗುತ್ತಿರಲಿಲ್ಲ. ಅದನ್ನು ಎಲ್ಲರೂ ಹೆಪ್ಪಜ್ಜ ಎಂದು ಕರೆಯುತ್ತಿದ್ದರು.

ಒಂದು ಬೇಸಿಗೆ ಅರ್ನಾಲುಕ್ ಎಂಬ ಹೆಂಗಸು ತನ್ನ ಕೂಸು ಇವಾಲುವನ್ನು ಹೊತ್ತುಕೊಂಡು ಅಲ್ಲಿಗೆ ಬಂದಳು. ಸೀಲ್ ಎಂಬ ಕಡಲ ಪ್ರಾಣಿಯ ತೊಗಲಿನ ಗುಡಾರ ಹಾಕಿದಳು. ಗಾಳಿ ಹಾರಿಸಿತು. ಮತ್ತೆ ಹಾಕಿದಳು. ಮತ್ತೆ ಹಾರಿಸಿತು.

ಜಿಂಕೆ ಕೊಂಬಿನ ಗೂಟ ಹೊಡೆದಳು. ಗೇಣುದ್ದ ಮೆತ್ತನೆಯ ಕೆಸರು, ಅದರ ಕೆಳಗೆ ಟಣ್ ಎಂದಿತು. ಗೂಟ ಮುರಿಯಿತು.

ಕೊನೆಗೆ ಗುಡಾರದ ಅಂಚಿನ ಮೇಲೆ ತಾನೇ ಕೂತಳು. ಈ ಅಂಚಿನ ಮೇಲೆ ಕೂತರೆ ಆ ಅಂಚು ಏಳುತ್ತಿತ್ತು. ಒಳಗೆ ಕೂಸು ನಡುಗುತ್ತಿತ್ತು.

"ಎಷ್ಟು ಹೊತ್ತು ಕೂತಿರ್ತೀಯೆ, ತಾಯಿ? ನನಗೇನೂ ಅವಸರ ಇಲ್ಲ" ಎಂದು ಗಾಳಿ ನಕ್ಕಿತು.

ಅರ್ನಾಲುಕ್ ನೆಲಕ್ಕೆ ಬಾಗಿದಳು. "ಅಜ್ಜಾ, ನಿನ್ನ ಹತ್ತಿರ ಕಲ್ಲುಗಳಿವೆಯಂತೆ. ಕೊಡ್ತೀಯಾ?"

"ನನಗೆ ಕೈಯಿಲ್ಲ ಮಗಳೇ" ಎಂದ ಹೆಪ್ಪಜ್ಜ. "ಚಳಿಗೆ ಉಬ್ಬೋದು ಗೊತ್ತು. ಬಿಸಿಲಿಗೆ ಕುಗ್ಗೋದು ಗೊತ್ತು. ಅಷ್ಟೇ."

"ಅಷ್ಟು ಸಾಕು. ಉಬ್ಬಿದಾಗ ಕಲ್ಲನ್ನು ಎತ್ತು. ಕುಗ್ಗುವಾಗ ಅದರ ಅಡಿಗೆ ಕೆಸರು ಜಾರಲಿ. ಆಮೇಲೆ ಅದು ಹೇಗೆ ಇಳಿದೀತು?"

ಹೆಪ್ಪಜ್ಜ ತುಂಬ ಹೊತ್ತು ಯೋಚಿಸಿದ. "ವರ್ಷಕ್ಕೆ ಒಂದು ಬೆರಳಷ್ಟು ಏಳಬಹುದು. ನಿನ್ನ ಕೂಸಿಗೆ ಅದು ಒದಗೋದಿಲ್ಲ."

"ಇವಳನ್ನು ನಾನು ನೋಡ್ಕೊಳ್ತೀನಿ. ನೀನು ಇವಳ ಕೂಸಿಗೆ ಕೊಡು."

"ಎಲ್ಲಿ ಇಡಲಿ?"

ಅರ್ನಾಲುಕ್ ಕೆಸರಿನಲ್ಲಿ ಬೆರಳಿನಿಂದ ಗುಡಾರದ ಅಳತೆಗೆ ದುಂಡನೆಯ ಗೆರೆ ಎಳೆದಳು. "ಗೆರೆಯ ಮೇಲಿಡು. ನಡುವೆ ಬೇಡ, ಅಲ್ಲಿ ಮಲಗಬೇಕು. ಸಾಕಾದಾಗ ನಾನೇ ಬಂದು ಹೇಳ್ತೀನಿ."

ಆ ಬೇಸಿಗೆ ಅವಳು ಗುಡಾರ ಹಾಕಲೇ ಇಲ್ಲ. ಕೂಸನ್ನು ತನ್ನ ತೊಗಲಂಗಿಯೊಳಗೆ ಇಟ್ಟುಕೊಂಡು, ಗಾಳಿಗೆ ಬೆನ್ನು ಕೊಟ್ಟು ಕೂತಳು. ಕೂಸು ಉಳಿಯಿತು.

ಚಳಿಗಾಲ ಬಂತು, ಹೆಪ್ಪಜ್ಜ ಉಬ್ಬಿದ. ಬೇಸಿಗೆ ಬಂತು, ಕುಗ್ಗಿದ. ಮತ್ತೆ ಉಬ್ಬಿದ, ಮತ್ತೆ ಕುಗ್ಗಿದ. ಕಲ್ಲುಗಳು ಬೆರಳು ಬೆರಳಾಗಿ ಮೇಲೆ ಬಂದವು. ನಡುವಿನ ಮಣ್ಣು ಉಬ್ಬಿದಾಗಲೆಲ್ಲ ಅವು ಉರುಳಿ ಗೆರೆಯ ಮೇಲೆ ನಿಂತವು.

ಇವಾಲು ಬೆಳೆದಳು. ಅರ್ನಾಲುಕ್ ತೀರಿಹೋದಳು. ಇವಾಲು ತನ್ನ ಕೂಸಿನೊಂದಿಗೆ ಕಣಿವೆಗೆ ಬಂದಾಗ ಕಲ್ಲುಗಳು ದುಂಡಗೆ ಕಾದು ಕೂತಿದ್ದವು. ಅವನ್ನು ಗುಡಾರದ ಅಂಚಿನ ಮೇಲೆ ಹೇರಿದಳು. ಗಾಳಿ ಬಂತು. ಸುತ್ತು ಹಾಕಿತು. ಏನೂ ಮಾತಾಡದೆ ಹೋಯಿತು. ಕೂಸು ಬೆಚ್ಚಗೆ ಮಲಗಿತು.

ಹೊರಡುವ ದಿನ ಅವಳು ಕಲ್ಲುಗಳನ್ನು ಹಾಗೆಯೇ ಬಿಟ್ಟಳು, ಮುಂದೆ ಬರುವವರಿಗೆಂದು.

"ನಿನ್ನಮ್ಮ ಎಲ್ಲಿ?" ಎಂದು ಹೆಪ್ಪಜ್ಜ ಕೇಳಿದ. "ಸಾಕು ಅಂತ ಬಂದು ಹೇಳ್ತೀನಿ ಅಂದಿದ್ದಳು."

ಇವಾಲು ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು.

"ಬರ್ತಾಳೆ ಅಜ್ಜಾ" ಎಂದಳು. "ಅಲ್ಲೀವರೆಗೆ ಜೋಡಿಸ್ತಾ ಇರು."

ಅದಕ್ಕೇ ಆ ಕಣಿವೆಗಳಲ್ಲಿ, ಯಾರೂ ಗುಡಾರ ಹಾಕದ ಕಡೆಯೂ, ಕಲ್ಲುಗಳು ದುಂಡಗೆ ಕೂತಿರುತ್ತವೆ. ನಡುವೆ ಒಬ್ಬರು ಮಲಗುವಷ್ಟು ಮೆತ್ತನೆಯ ಮಣ್ಣು ಇರುತ್ತದೆ, ಮತ್ತು ಪ್ರತಿ ವರ್ಷ ಒಂದು ಬೆರಳಷ್ಟು, ಇನ್ನೊಂದು ಕಲ್ಲು ಮೇಲೆ ಬರುತ್ತಿರುತ್ತದೆ.