ಗೆಂಡೆ ಮೀನು ಕೊಳ ತಿಕ್ಕಿದ ಹಬ್ಬ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಮಳೆ ಒಮ್ಮೊಮ್ಮೆ ದಾರಿ ತಪ್ಪಿ ನೆಲದಿಂದ ಮೇಲಕ್ಕೆ ಸುರಿದುಬಿಡುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಹಳ್ಳ ಮಾತಾಡುತ್ತಿತ್ತು, ಮೀನೂ ಮಾತಾಡುತ್ತಿತ್ತು.

ಆ ಕಾಲದಲ್ಲಿ ಮೀನಿನ ಕಣ್ಣಿಗೆ ರೆಪ್ಪೆ ಇತ್ತು. ಕತ್ತಲಾದರೆ ಸಾಕು, ಕಣ್ಣು ಮುಚ್ಚಿ, ಬಾಯಿ ಮುಚ್ಚಿ ತಣ್ಣಗೆ ಮಲಗಿಬಿಡುತ್ತಿತ್ತು.

"ಸುಳ್ಳು," ಎಂದಳು ಸಿಂಚು.

ಸಿಂಚು ನನ್ನ ಮೊಮ್ಮಗಳು. ತಲೆಗೆ ಹಚ್ಚಿದ ಹಬ್ಬದ ಎಣ್ಣೆ ಅವಳ ಕಿವಿಯವರೆಗೆ ಇಳಿದಿತ್ತು, ಕಣ್ಣೀರು ಗಲ್ಲದವರೆಗೆ ಇಳಿದಿತ್ತು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಹುಣಸೆಹಣ್ಣಿನ ಬಟ್ಟಲು. ಎದುರಿಗೆ, ಅವಳ ಹುಟ್ಟುಹಬ್ಬಕ್ಕೆಂದು ಮೊನ್ನೆ ಮೊನ್ನೆ ಮನೆಗೆ ಬಂದ ಗಾಜಿನ ಮೀನಿನ ತೊಟ್ಟಿ.

ಹಿಂದಿನ ದಿನ ನೀರು ತುಂಬುವ ಹಬ್ಬ. ದೀಪಾವಳಿ ಶುರುವಾಗುವುದೇ ಅಲ್ಲಿಂದ. ಮನೆಯಲ್ಲಿ ಎಲ್ಲರೂ ಹಂಡೆ, ಕೊಡ, ತಂಬಿಗೆ ತಿಕ್ಕುವವರೇ. ಅದನ್ನು ನೋಡಿ ಸಿಂಚುವೂ ತನ್ನ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಗಾಜು ತಿಕ್ಕಿ, ಕಲ್ಲು ತಿಕ್ಕಿ, ಹೊಸ ನೀರು ತುಂಬಿಸಿ, ಅಂಚಿಗೆ ಅರಿಶಿನ ಕುಂಕುಮ ಹಚ್ಚಿದ್ದಳು. ಹಬ್ಬವಲ್ಲವೇ ಎಂದು ಮೀನಿಗೆ ಕೈತುಂಬ ತಿಂಡಿಯನ್ನೂ ಹಾಕಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದಿದ್ದು ಕಿತ್ತಳೆ ಬಣ್ಣದ್ದು ಒಂದೇ ಒಂದು. ಅದೂ ನೀರಿನ ಮೇಲ್ಗಡೆಯೇ ನಿಂತು ಏದುಸಿರು ಬಿಡುತ್ತಿತ್ತು.

"ನೀರು ಸಾಕಷ್ಟು ಕ್ಲೀನ್ ಆಗಿಲ್ಲ ಅಜ್ಜಿ. ಇನ್ನೊಂದ್ಸಲ ತಿಕ್ತೀನಿ. ಇದನ್ನಾದ್ರೂ ಉಳಿಸ್ಕೋತೀನಿ."

"ಮೊದ್ಲು ಕಥೆ ಕೇಳು ಕಂದ. ಕೇಳಿದ್ಮೇಲೂ ತಿಕ್ಬೇಕು ಅನ್ಸಿದ್ರೆ ತಿಕ್ಕು. ಹುಣಸೆಹಣ್ಣು ನಾನೇ ಕಿವುಚಿ ಕೊಡ್ತೀನಿ."

ಅವಳು ಮುಖ ಊದಿಸಿಕೊಂಡು ಕುಳಿತಳು. ನಾನು ಮುಂದುವರಿಸಿದೆ.

ಆ ಹೊಸ ಲೋಕದಲ್ಲಿ ಒಂದು ಗೆಂಡೆ ಮೀನು. ಹೊಳೆಯಲ್ಲಿ ಮೊಸಳೆ ಕಾಟ ಎಂದು, ಮರಿಗಳನ್ನೆಲ್ಲ ಕರೆದುಕೊಂಡು ಪಕ್ಕದ ಕೊಳಕ್ಕೆ ಬಂದು ಸಂಸಾರ ಹೂಡಿತ್ತು. ಮರಿಗಳೆಂದರೆ ಲೆಕ್ಕಕ್ಕೆ ಸಿಗದಷ್ಟು. ಎಲ್ಲಕ್ಕಿಂತ ಚಿಕ್ಕದರ ಹೆಸರು ಮಿಣುಕಿ.

ಆ ಕೊಳದಲ್ಲಿ ಗೆಂಡೆಗಿಂತ ಮೊದಲಿನಿಂದಲೂ ಒಬ್ಬಳಿದ್ದಳು. ಲೋಳವ್ವ. ಅವಳಿಗೆ ಕೈ ಇಲ್ಲ, ಕಾಲಿಲ್ಲ, ಮುಖವೂ ಇಲ್ಲ. ಕಲ್ಲಿನ ಮೇಲೆ ತೆಳ್ಳಗೆ ಹರಡಿಕೊಂಡು, ಏನೋ ಗುನುಗುತ್ತಾ ಬಿದ್ದಿರುತ್ತಿದ್ದಳು. ಗೆಂಡೆಗೆ ಅವಳನ್ನು ಕಂಡರೆ ಆಗದು. ಮೈ ತಾಕಿದರೆ ಜಾರುತ್ತದೆ, ಛೀ!

"ಏನು ಮಾಡ್ತಿರ್ತೀಯ ಲೋಳವ್ವ, ಯಾವಾಗ್ಲೂ ಬಿದ್ಕೊಂಡು?"

"ಅಡುಗೆ ಕಣಮ್ಮ."

"ಒಲೆ ಇಲ್ಲ, ಉರಿ ಇಲ್ಲ. ಅದೆಂಥ ಅಡುಗೆ?"

"ಉರಿ ನೀರಲ್ಲೇ ಐತೆ. ನೀವು ಉಂಡು ಬಿಟ್ಟಿದ್ದರಿಂದ ಹುಟ್ಟೋ ಉರಿ. ನಿನ್ ಕಣ್ಣಿಗೆ ಕಾಣಲ್ಲ. ಅದನ್ನ ಬೇಯಿಸಿ, ಆರಿಸಿ, ಈ ಜೊಂಡಿಗೆ, ಹುಲ್ಲಿಗೆ ಬಡಿಸ್ತೀನಿ."

ಕಣ್ಣಿಗೆ ಕಾಣದ ಉರಿಯಂತೆ! ಗೆಂಡೆ ಮೂಗು ಮುರಿದು ಹೋಯಿತು. ಮೀನಿಗೆ ಮೂಗೆಲ್ಲಿ ಎಂದು ಕೇಳಬೇಡ, ಆಗಿನ ಕಾಲವೇ ಬೇರೆ.

ಕೊಳದ ದಡದಲ್ಲಿ ಕೆಂಚಮ್ಮ ಎನ್ನುವವಳ ಗುಡಿಸಲು. ಲೋಕದ ಮೊದಮೊದಲ ಹೆಂಗಸರಲ್ಲಿ ಅವಳೂ ಒಬ್ಬಳು. ಒಂದು ಸಂಜೆ ಕೆಂಚಮ್ಮ ತಾಮ್ರದ ಹಂಡೆಯನ್ನು ದಡಕ್ಕೆ ಉರುಳಿಸಿಕೊಂಡು ಬಂದು, ಹುಣಸೆಹಣ್ಣು ಹಾಕಿ ಗಸಗಸ ತಿಕ್ಕತೊಡಗಿದಳು. ಕರಿ ಹಿಡಿದಿದ್ದ ಹಂಡೆ ನೋಡನೋಡುತ್ತ ಸೂರ್ಯನ ಬಣ್ಣಕ್ಕೆ ತಿರುಗಿತು.

ಗೆಂಡೆಯ ಬಾಯಲ್ಲಿ ನೀರೂರಿತು. "ಏನ್ ಕೆಂಚಕ್ಕ ಇವತ್ತು ವಿಶೇಷ?"

"ನೀರು ತುಂಬೋ ಹಬ್ಬ ಕಣೆ ಗೆಂಡೆ. ಹಳೇ ನೀರು ಚೆಲ್ಬೇಕು, ಹಂಡೆ ತಿಕ್ಬೇಕು, ಹೊಸ ನೀರು ತುಂಬ್ಬೇಕು. ಬೆಳಗಾದ್ರೆ ಎಣ್ಣೆ ನೀರು."

ಹೋಗುವಾಗ ಕೆಂಚಮ್ಮ ನೀರಿನೊಳಗೆ ಕೈ ಹಾಕಿ ಒಂದು ಚಪ್ಪಟೆ ಕಲ್ಲನ್ನು ಎತ್ತಿಕೊಂಡಳು. ಅವಳ ಕುಡಿಯುವ ನೀರಿನ ಮಣ್ಣಿನ ಗಡಿಗೆ ಅಲುಗಾಡುತ್ತಿತ್ತಂತೆ, ಅದರ ಕೆಳಗೆ ಇಡಲಿಕ್ಕೆ.

ಗೆಂಡೆ ತನ್ನ ಮನೆಯನ್ನು ನೋಡಿಕೊಂಡಿತು. ಕಲ್ಲಿನ ಮೇಲೆಲ್ಲ ಲೋಳೆ. ನೀರೂ ಸ್ವಲ್ಪ ಹಸಿರು. ಹಬ್ಬದ ದಿನ ಇದೇನು ಅವತಾರ ಎಂದು ಅದಕ್ಕೆ ನಾಚಿಕೆಯಾಯಿತು. ಕೊಳದ ಪಕ್ಕ ಹರಿಯುತ್ತಿದ್ದ ಹಳ್ಳವನ್ನು ಕೂಗಿತು.

"ಹಳ್ಳಪ್ಪ, ಹಳ್ಳಪ್ಪ, ನನ್ನ ಹಳೇ ನೀರೆಲ್ಲ ಹೊತ್ಕೊಂಡು ಹೋಗಿ ಹೊಸ ನೀರು ತುಂಬ್ಸಪ್ಪ."

"ಎಲ್ಲಾನೂ ಬೇಕಾ? ಒಂಚೂರು ಬಿಡ್ಲಾ?" ಎಂದಿತು ಹಳ್ಳ.

"ಎಲ್ಲಾನೂ!"

ಹಳ್ಳ ಧೋ ಎಂದು ನುಗ್ಗಿತು. ಗೆಂಡೆ ಬಾಲದಲ್ಲಿ ಮರಳು ತೂರಿ ತೂರಿ ಕಲ್ಲು ತಿಕ್ಕಿತು. ಮರಿಗಳಿಗೂ ಕುಣಿತವೋ ಕುಣಿತ. ಒಂದೊಂದು ಮರಿಗೆ ಒಂದೊಂದು ಕಲ್ಲು.

"ಒಂದು ಕಲ್ಲಾದ್ರೂ ನಂಗೆ ಬಿಡೇ ತಾಯಿ. ನಂಗಲ್ಲ, ನಿಂಗೇ ಬೇಕಾಗ್ತೈತೆ," ಎಂದಳು ಲೋಳವ್ವ.

"ಹಬ್ಬದ ದಿನ ಅಪಶಕುನ ಆಡ್ಬೇಡ."

ಲೋಳವ್ವ ಹಳ್ಳದ ನೀರಿನಲ್ಲಿ ಕದಡಿ, ಕರಗಿ, ಕೊಚ್ಚಿ ಹೋದಳು.

ಆಮೇಲೆ ಕೊಳ ನೋಡಬೇಕಿತ್ತು! ನೀರು ಕನ್ನಡಿ. ತಳದ ಒಂದೊಂದು ಮರಳ ಕಣವನ್ನೂ ಎಣಿಸುವ ಹಾಗೆ. ಗಾಳಿ ಬಂದು ಬಗ್ಗಿ ನೋಡಿ, "ಭೇಷ್ ಗೆಂಡೆ," ಎಂದಿತು. ಗೆಂಡೆ ಹಿಗ್ಗಿ ಹೀರೇಕಾಯಿಯಾಯಿತು. ಮರಿಗಳಿಗೆ ಹೊಟ್ಟೆ ಬಿರಿಯುವಷ್ಟು ಬಡಿಸಿತು. ಎಲ್ಲರೂ ರೆಪ್ಪೆ ಮುಚ್ಚಿ ಮಲಗಿದರು.

ಬೆಳಗಾಯಿತು.

"ಅವ್ವಾ," ಎಂದಿತು ಮಿಣುಕಿ, "ನೀರು ಉರೀತದೆ."

"ನೀರು ಉರಿಯುತ್ತಾ? ಹುಚ್ಚಿ!"

ಗೆಂಡೆ ಕಣ್ಣು ಬಿಟ್ಟು ನೋಡಿತು. ಮರಿಗಳೆಲ್ಲ ನೀರಿನ ಮೇಲ್ಗಡೆಗೆ ಹೋಗಿ ಬಾಯಿ ಬಾಯಿ ಬಿಡುತ್ತಿವೆ. ಕಿವಿರುಗಳು ಕೆಂಪಗೆ ಕೆಂಡದ ಹಾಗಾಗಿವೆ. ಕಿವಿರು ಎಂದರೆ ಕೆನ್ನೆಯ ಪಕ್ಕ ಮೀನು ಉಸಿರಾಡುವ ಜಾಗ. ನೀರು ನೋಡಿದರೆ ಕನ್ನಡಿ. ಆದರೆ ಉರಿ.

ಗೆಂಡೆ ಗಾಳಿಯನ್ನು ಕೂಗಿತು. "ಗಾಳಿಯಣ್ಣ, ನೀರಲ್ಲಿ ಏನಾದ್ರೂ ಬಿದ್ದಿದ್ಯಾ ನೋಡು."

ಗಾಳಿ ನೋಡಿತು. "ಏನೂ ಇಲ್ಲ ಕಣೆ. ಕನ್ನಡಿ."

"ಹಳ್ಳಪ್ಪ, ನೀರಲ್ಲಿ ಏನಿದೆ?"

"ಏನೂ ಇಲ್ಲಮ್ಮ. ಕನ್ನಡಿ."

ಅಷ್ಟರಲ್ಲಿ ಒಂದು ಮರಿ ಪಕ್ಕಕ್ಕೆ ವಾಲಿತು. ಹೊಟ್ಟೆ ಮೇಲೆ ಮಾಡಿ ತೇಲಿತು. ಅದರ ಪಕ್ಕದಲ್ಲಿ ಇನ್ನೊಂದು. ಗೆಂಡೆ ಅವನ್ನು ಮೂತಿಯಿಂದ ತಳ್ಳಿ ತಳ್ಳಿ ನೆಟ್ಟಗೆ ನಿಲ್ಲಿಸಲು ನೋಡಿತು. ಅವು ನಿಲ್ಲಲಿಲ್ಲ.

ಸಿಂಚು ನನ್ನ ಸೆರಗು ಹಿಡಿದುಕೊಂಡಳು. "ಅದೂ ಮತ್ತೆ ತಿಕ್ತಾ ಅಜ್ಜಿ?"

"ಹೂಂ ಕಂದ. ಮತ್ತೆ ತಿಕ್ತು."

ಕೊಳೆ ಉಳಿದುಬಿಟ್ಟಿದೆ, ಅದಕ್ಕೇ ಹೀಗೆ ಎಂದುಕೊಂಡು ಗೆಂಡೆ ಹುಚ್ಚು ಹಿಡಿದ ಹಾಗೆ ತಿಕ್ಕಿತು. ಅಳುತ್ತಾ ತಿಕ್ಕಿತು. ಸಂದಿಗೊಂದಿಯಲ್ಲಿ ಲೋಳವ್ವನ ಒಂದು ಚೂರು ಉಳಿದಿದ್ದರೆ ಅದೂ ಹೋಯಿತು. ನೀರು ಇನ್ನೂ ಥಳಥಳ. ಉರಿ ಇನ್ನೂ ಜಾಸ್ತಿ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕೊಳದಲ್ಲಿ ಉಸಿರಾಡುತ್ತಿದ್ದದ್ದು ಗೆಂಡೆ ಮತ್ತು ಮಿಣುಕಿ ಇಬ್ಬರೇ.

ಎಣ್ಣೆ ನೀರು ಮುಗಿಸಿ, ಒದ್ದೆ ಕೂದಲು ಕೊಡವಿಕೊಂಡು ಕೆಂಚಮ್ಮ ದಡಕ್ಕೆ ಬಂದಳು. ಬಂದವಳು ಹಾಗೇ ಕಲ್ಲಾಗಿ ನಿಂತಳು.

"ಅಯ್ಯೋ ಶಿವನೇ! ಏನಾಯ್ತೇ ಇದು?"

"ಗೊತ್ತಿಲ್ಲ ಕೆಂಚಕ್ಕ. ನಾನು ಏನೂ ಮಾಡ್ಲಿಲ್ಲ. ಹಬ್ಬ ಅಂತ ಹಳೇ ನೀರು ಚೆಲ್ಲಿದೆ, ಕಲ್ಲು ತಿಕ್ಕಿದೆ, ಹೊಸ ನೀರು ತುಂಬ್ಸಿದೆ. ನಿನ್ ಹಾಗೇ."

"ಲೋಳವ್ವ ಎಲ್ಲಿ?"

"ತೊಳ್ದು ಕಳ್ಸ್ದೆ."

ಕೆಂಚಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಾನು ತಿಕ್ಕಿದ್ದು ಖಾಲಿ ಹಂಡೆ ಕಣೆ. ಅದ್ರಲ್ಲಿ ಯಾರೂ ಸಂಸಾರ ಮಾಡಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ, ತಿಳಿಯಾಗಿರೋದೆಲ್ಲ ಕುಡಿಯೋ ನೀರಲ್ಲ. ದಿನಾ ಮೊಸರು ಮಾಡೋಳು ಗಡಿಗೆ ಪೂರ್ತಿ ಬಳಿದು ತೊಳೀತಾಳೇನೆ? ನಾಳೆಗೆ ಒಂದು ತೊಟ್ಟು ಹೆಪ್ಪು ಇಟ್ಕೊಂಡೇ ಉಳಿದದ್ದು ಖಾಲಿ ಮಾಡೋದು. ನಿನ್ ಮರಿಗಳು ಉಂಡು ಬಿಟ್ಟಿದ್ದು ಉರಿಯಾಗ್ತಿತ್ತು. ಆ ಉರಿ ಆರಿಸ್ತಿದ್ದೋಳನ್ನ ನೀನೇ ಹೊರಗೆ ಕಳಿಸ್ದೆ. ಹೆಪ್ಪನ್ನೇ ಚೆಲ್ಲಿಬಿಟ್ಯಲ್ಲೇ!"

ಗೆಂಡೆಗೆ ಅರ್ಥವಾಯಿತು.

ಮೊಸಳೆ ಬಂದಿರಲಿಲ್ಲ. ಕೊಕ್ಕರೆ ಬಂದಿರಲಿಲ್ಲ. ಯಾರೂ ವಿಷ ಹಾಕಿರಲಿಲ್ಲ. ತಾನೇ. ಪ್ರೀತಿಯಿಂದ, ಹಬ್ಬಕ್ಕೆಂದು, ಮೈಮುರಿದು ದುಡಿದು, ತಾನೇ.

"ಆ?" ಎಂದಿತು ಗೆಂಡೆ. "ನಾನಾ?"

ಆ ಗಾಬರಿಗೆ ಅದರ ಕಣ್ಣುಗಳು ಅಗಲವಾದವು. ಇನ್ನೂ ಅಗಲವಾದವು. ರೆಪ್ಪೆಗಳು ಹಿಂದಕ್ಕೆ ಸರಿದು ಸರಿದು ತಲೆಯೊಳಗೆ ಹೋಗಿಬಿಟ್ಟವು. ಆಮೇಲೆ ಹೊರಗೆ ಬರಲೇ ಇಲ್ಲ. "ಆ" ಎಂದು ತೆರೆದ ಬಾಯಿಯೂ ಮುಚ್ಚುವುದು, ಮತ್ತೆ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಮಾತು ಮಾತ್ರ ಹೋಯಿತು. ಅವತ್ತಿಗೆ ಹೋದ ಮಾತು ಇವತ್ತಿಗೂ ಬಂದಿಲ್ಲ.

ಕೆಂಚಮ್ಮ ಗುಡಿಸಲಿಗೆ ಓಡಿದಳು. ಅವಳ ಗಡಿಗೆಯ ಕೆಳಗೆ ಆ ಚಪ್ಪಟೆ ಕಲ್ಲಿತ್ತಲ್ಲ? ಗಡಿಗೆ ಜಿನುಗಿ ಜಿನುಗಿ ಕಲ್ಲು ಒದ್ದೆಯಾಗಿಯೇ ಇತ್ತು. ಅದರ ಮೇಲೆ ಅಂಗೈಯಗಲ ಲೋಳವ್ವ ಉಳಿದಿದ್ದಳು. ಕೆಂಚಮ್ಮ ಕಲ್ಲನ್ನು ಎರಡೂ ಕೈಯಲ್ಲಿ ತಂದು ಮೆಲ್ಲಗೆ ನೀರಿಗೆ ಇಳಿಸಿದಳು, ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುವ ಹಾಗೆ.

"ನಾನು ನಿಧಾನದೋಳು," ಎಂದಳು ಲೋಳವ್ವ. ಅವಳ ದನಿ ಸಣ್ಣದಾಗಿತ್ತು. "ಚಂದ್ರ ತುಂಬಿ, ಮತ್ತೆ ಕರಗೋವರೆಗೂ ಟೈಮ್ ಕೊಡಿ. ಅಲ್ಲೀವರೆಗೂ ಮರಿಗೆ ಚಿಟಿಕೆ ಊಟ. ಅತಿ ಆದ್ರೆ ಅಮೃತಾನೂ ವಿಷ. ಕೆಂಚಮ್ಮ, ನೀನು ದಿನಾ ಒಂಚೂರು ನೀರು ತೆಗಿ, ಒಂಚೂರು ಹೊಸ ನೀರು ಹಾಕು. ಒಂಚೂರು, ಪೂರ್ತಿ ಅಲ್ಲ. ಇನ್ನೊಂದು ಮಾತು. ಇನ್ಮೇಲೆ ನನ್ನ ಕಲ್ಲು ತಿಕ್ಕೋಕೆ ಬಂದೋರ ಕೈ ಜಾರ್ಲಿ."

ಕೆಂಚಮ್ಮ ದಿನಾ ತಂಬಿಗೆ ಹಿಡಿದು ಬಂದಳು. ಗೆಂಡೆ ರೆಪ್ಪೆಯಿಲ್ಲದ ಕಣ್ಣಿಂದ ಆ ಕಲ್ಲನ್ನೇ ಕಾಯುತ್ತ ನಿಂತಿತು. ಮಿಣುಕಿ ದಿನದಿನಕ್ಕೆ ಒಂದು ಗೇಣು ಕೆಳಗೆ ಈಜಿತು. ಚಂದ್ರ ತುಂಬಿ ಕರಗಿದಾಗ ಅದು ಕೊಳದ ತಳಕ್ಕೆ ಬಂದು, ಲೋಳವ್ವನ ಕಲ್ಲಿಗೆ ಬಾಯಿ ತಾಗಿಸಿ ಒಂದು ಮುತ್ತು ಕೊಟ್ಟಿತು.

ನಾನು ಕಥೆ ನಿಲ್ಲಿಸಿದೆ. ಸಿಂಚು ಬ್ರಷ್ಷನ್ನು ಯಾವಾಗ ಕೆಳಗಿಟ್ಟಳೋ ನಾನು ನೋಡಲಿಲ್ಲ. ಅವಳ ಕಣ್ಣೂ ಅಗಲವಾಗಿತ್ತು, ಬಾಯಿಯೂ ತೆರೆದಿತ್ತು.

"ನಾನಾ ಅಜ್ಜಿ?" ಎಂದಳು ಮೆಲ್ಲಗೆ.

ಅವಳನ್ನು ಎಳೆದು ತಬ್ಬಿಕೊಂಡೆ. "ಗೊತ್ತಿಲ್ದೆ ಆಗಿದ್ದು ಕಂದ. ಗೆಂಡೆಗೂ ಗೊತ್ತಿರ್ಲಿಲ್ಲ. ಆದ್ರೆ ಇನ್ನೂ ಒಂದು ಉಳಿದಿದೆ ನೋಡು."

ಅವಳು ತೊಟ್ಟಿಯನ್ನು ನೋಡಿದಳು. ಕಿತ್ತಳೆ ಮೀನು ಬಾಯಿ ತೆರೆದು ಮುಚ್ಚುತ್ತಿತ್ತು.

"ನಮ್ಮನೇಲಿ ಹೆಪ್ಪಿಲ್ವಲ್ಲ ಅಜ್ಜಿ. ಎಲ್ಲಾ ತೊಳ್ದುಬಿಟ್ಟೆ."

"ಮೊನ್ನೆ ಯಾರ ತೊಟ್ಟಿ ನೋಡಿ ಗಬ್ಬು ಅಂದಿದ್ದೆ?"

ಎದುರುಮನೆ ನಸೀಮಾ ವರ್ಷಗಳಿಂದ ಮೀನು ಸಾಕಿದವಳು. ಅವಳ ತೊಟ್ಟಿಯ ಕಲ್ಲೆಲ್ಲ ಕಂದು ಲೋಳೆ, ಮೀನೆಲ್ಲ ಗುಂಡುಗುಂಡು. ಸಿಂಚು ಹುಣಸೆಹಣ್ಣಿನ ಬಟ್ಟಲನ್ನೇ ಎತ್ತಿಕೊಂಡು ಹೊರಟಳು. ಅದು ಬೇಡವೆಂದು, ಪಕ್ಕದ ಮನೆಗಳಿಗೆ ಹೆಪ್ಪು ಕೇಳಲು ಒಯ್ಯುವ ನಮ್ಮ ಪುಟ್ಟ ಸ್ಟೀಲ್ ಬಟ್ಟಲನ್ನು ಕೊಟ್ಟೆ. ಎಣ್ಣೆ ತಲೆಯಲ್ಲೇ ಬೀದಿ ದಾಟಿದಳು. ಪಟಾಕಿ ಸದ್ದಿನ ನಡುವೆಯೂ ನನಗೆ ಕೇಳಿಸಿತು.

"ಆಂಟಿ, ಒಂಚೂರು ಹೆಪ್ಪು ಕೊಡ್ತೀರಾ?"

"ಕೊಡ್ತೀನಿ ಬಾ ಬೇಟಾ. ಹಾಲು ಎಷ್ಟಿದೆ?"

"ಹಾಲಿಗಲ್ಲ ಆಂಟಿ. ಮೀನಿಗೆ."

ನಸೀಮಾ, "ಯಾ ಅಲ್ಲಾ, ಎಲ್ಲಾ ತೊಳ್ದುಬಿಟ್ಯಾ?" ಎಂದು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಹಿಂದೆಯೇ ಅವಳೂ ಬಂದಳು, ಕೈಯಲ್ಲಿ ತನ್ನ ತೊಟ್ಟಿಯ ನೀರಿನ ಸಮೇತ ಲೋಳೆ ಹಿಡಿದ ಕಲ್ಲುಗಳು. ಅವಳ ಮುಂದೆ, ಬಟ್ಟಲಲ್ಲಿ ಒಂದೇ ಒಂದು ಕಲ್ಲನ್ನು ದೀಪ ತರುವ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಸಿಂಚು.

ತುಳಸಿ ಹಬ್ಬದ ಹೊತ್ತಿಗೆ ಕಿತ್ತಳೆ ಮೀನು ಕೆಳಗಿಳಿದು ಕಲ್ಲುಗಳ ನಡುವೆ ಓಡಾಡತೊಡಗಿತು. ಸಿಂಚು ಗಾಜಿಗೆ ಮೂಗು ಒತ್ತಿ ಅದನ್ನೇ ನೋಡುತ್ತಾಳೆ, ಅದೂ ಇವಳನ್ನೇ ನೋಡುತ್ತದೆ. ನೀರೊಳಗಿನ ಕಲ್ಲು ಮುಟ್ಟಿದರೆ ಇಂದಿಗೂ ನಿಮ್ಮ ಕೈ ಜಾರುತ್ತದಲ್ಲ, ಅದು ಲೋಳವ್ವ ಮನೆಯಲ್ಲಿದ್ದಾಳೆ ಎನ್ನುವುದಕ್ಕೆ ಗುರುತು, ಮೀನು ಇಂದಿಗೂ ರೆಪ್ಪೆ ಮುಚ್ಚದೆ, ಬಾಯಿ ತೆರೆದು ಮುಚ್ಚುತ್ತಾ ನಿಮ್ಮನ್ನೇ ದಿಟ್ಟಿಸುತ್ತದಲ್ಲ, ಅದು ಅಂದು ಗೆಂಡೆ ಕೇಳಿದ "ಆ? ನಾನಾ?" ಎಂಬ ಮಾತೇ.