‘ಪಾರ್ದೊನೆ’ಗೆ ಒಂದು ವಾಕ್ಯ

ಚಿದ್ಘನ ಗುರುಗಳು ಸನ್ಯಾಸಕ್ಕೆ ಮೊದಲು ಮಾಹೆ ಎಂಬ ಊರಿನಲ್ಲಿ ಫ್ರೆಂಚ್ ಮೇಷ್ಟ್ರಾಗಿದ್ದವರು. ಈಗ ಹೊಳೆದಂಡೆಯ ಆಶ್ರಮದಲ್ಲಿ ಕೂತು ಫ್ರೆಂಚ್-ಕನ್ನಡ ನಿಘಂಟು ಬರೆಸುತ್ತಿದ್ದರು. ಬರೆದುಕೊಳ್ಳುವವನು ಶಿಷ್ಯ ನರಹರಿ.

ಗುರುಗಳದೊಂದು ಕಟ್ಟಪ್ಪಣೆ. ಪ್ರತಿ ಕ್ರಿಯಾಪದಕ್ಕೂ ಕೊಡುವ ಉದಾಹರಣೆ ನಿಜವಾಗಿ ನಡೆದದ್ದೇ ಆಗಿರಬೇಕು. ‘ಈಜಿದೆ’ ಎಂದು ಬರೆಯಬೇಕಾದರೆ ನರಹರಿ ಹೊಳೆಗೆ ಇಳಿದು ಬರಬೇಕಿತ್ತು. ಇದೆಂಥ ಹುಚ್ಚು ಎಂದು ನಕ್ಕವರುಂಟು. ನಗಲಿ ಬಿಡಿ.

ಒಂದು ದಿನ ‘ಪಾರ್ದೊನೆ’ ಎಂಬ ಪದ ಬಂತು.

“ಅರ್ಥ?” ಗುರುಗಳು ಕೇಳಿದರು.

“ಕ್ಷಮಿಸುವುದು.”

“ಬಳಕೆ?”

ನರಹರಿ ಬರೆದು ಓದಿದ. “‘ನಾನು ನನ್ನ ಅಣ್ಣನನ್ನು ಕ್ಷಮಿಸಿದೆ.’”

ಗುರುಗಳು ಲೇಖನಿ ಕಸಿದುಕೊಂಡು ಆ ಸಾಲನ್ನು ಹೊಡೆದುಹಾಕಿದರು.

“ನಿಮ್ಮಣ್ಣ ಬೆಳಗಿನಿಂದ ಜಗಲಿಯ ಮೇಲೆ ಕೂತಿದ್ದಾನೆ. ನೀನು ಹಿಂಬಾಗಿಲಿನಿಂದ ಓಡಾಡುತ್ತಿದ್ದೀಯ.”

ನರಹರಿಯ ಮುಖ ಕಪ್ಪಿಟ್ಟಿತು. ಹನ್ನೊಂದು ವರ್ಷದ ಸಿಟ್ಟು ಅದು, ಸುಮ್ಮನೆ ಆರುವಂಥದಲ್ಲ.

“ಅಮ್ಮ ಸತ್ತಾಗ ಅವನು ನನಗೆ ಹೇಳಿಕಳಿಸಲಿಲ್ಲ. ಕೊನೆಗೊಮ್ಮೆ ಮುಖ ನೋಡುವುದಕ್ಕೂ ಬಿಡಲಿಲ್ಲ. ಅದನ್ನು ಹೇಗೆ ಮರೆಯಲಿ?”

“ಮರೆ ಅಂದೆನೇ? ಮರೆಯುವುದು ಬೇರೆ ಪದ. ಅದು ಬೇರೆ ಪುಟದಲ್ಲಿದೆ.”

“ಮನಸ್ಸು ಒಪ್ಪುವುದಿಲ್ಲ ಗುರುಗಳೇ.”

“ಒಪ್ಪದಿದ್ದರೆ ಬೇಡ. ಸುಳ್ಳು ಮಾತ್ರ ಬರೆಯಬೇಡ. ಕೊನೆಯ ದೋಣಿ ಇಳಿಹೊತ್ತಿಗೆ ಹೊರಡುತ್ತದೆ. ವೈದ್ಯರು ಕೈಬಿಟ್ಟ ಮನುಷ್ಯ, ಇನ್ನೊಂದು ಸಲ ಬರಲಾರ.”

ಅಣ್ಣನ ಕಾಯಿಲೆ ನರಹರಿಗೆ ಗೊತ್ತಿರಲಿಲ್ಲ. ಎದ್ದು ಜಗಲಿಯ ಕಡೆಗೆ ಹೋದ.

ದೋಣಿ ಹೋದ ಮೇಲೆ ಮರಳಿ ಬಂದ. ಕಣ್ಣು ಕೆಂಪಾಗಿತ್ತು.

“ಏನು ಹೇಳಿದೆ?”

“ಏನೂ ಹೇಳಲಾಗಲಿಲ್ಲ ಗುರುಗಳೇ. ಏನೇನೋ ಬೈಯಬೇಕೆಂದುಕೊಂಡು ಹೋದೆ. ಅವನು ಒಣಗಿ ಕಡ್ಡಿಯಾಗಿದ್ದ. ಗಂಜಿ ತಂದು ಬಡಿಸಿದೆ. ‘ಉಪ್ಪು ಸಾಕೇನಣ್ಣ?’ ಅಂದೆ, ಅಷ್ಟೇ. ಅವನು ಕೈಯಲ್ಲಿ ತುತ್ತು ಹಿಡಿದುಕೊಂಡೇ ಅತ್ತುಬಿಟ್ಟ. ನಾನೂ ಅತ್ತೆ. ಅವನಿಗೆ ನಡೆಯಲಾಗುತ್ತಿರಲಿಲ್ಲ, ದೋಣಿಯವರೆಗೆ ಹೊತ್ತುಕೊಂಡು ಹೋದೆ.”

ನರಹರಿ ಕಣ್ಣೊರೆಸಿಕೊಂಡು ಲೇಖನಿ ಕೈಗೆತ್ತಿಕೊಂಡ.

“ಈಗಲಾದರೂ ಬರೆಯಬಹುದೇ, ‘ಕ್ಷಮಿಸಿದೆ’ ಎಂದು?”

“ಬೇಡ. ‘ಉಪ್ಪು ಸಾಕೇನಣ್ಣ’ ಎಂದು ಬರೆ.”